ಏರಿನಲ್ಲಿ ನಿಂತ ಕಾರು

ಕಾರು ಕಲಿಯುವವರ ಮಾತನ್ನು ಯಾರೂ ನಂಬುವುದಿಲ್ಲ. ಏರಿನಲ್ಲಿ ಎರಡು ವಾಹನ ತಾಗಿಕೊಂಡು ನಿಂತಿವೆ, ಮುಂದಿನದರ ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಬೋರ್ಡಿದೆ ಎಂದರೆ ಮುಗಿಯಿತು. ಹಿಂದಕ್ಕೆ ಜಾರಿದ್ದು ಅದೇ ಎಂದು ದಾರಿಹೋಕರೂ ತೀರ್ಪು ಕೊಟ್ಟು ನಡೆಯುತ್ತಾರೆ. ನಮ್ಮ ಕಾರು ಜಾರಿರಲಿಲ್ಲ. ಬ್ರೇಕಿನ ಮೇಲೆ ನನ್ನ ಕಾಲಿತ್ತು, ಪಕ್ಕದ ಸೀಟಿನಲ್ಲಿದ್ದ ಚಿಕ್ಕಮ್ಮನ ಕಾಲೂ ಅವಳ ಬ್ರೇಕಿನ ಮೇಲಿತ್ತು. ಒಂದು ಕಾರಿಗೆ ಎರಡು ಬ್ರೇಕು ಹಾಕಿ ಕಲ್ಲಿನಂತೆ ನಿಂತಿದ್ದವರ ಬೆನ್ನಿಗೆ ಜೀಪಿನವನೊಬ್ಬ ಬಂದು ಗುದ್ದಿದ.

ಸ್ಕೂಲು ಚಿಕ್ಕಮ್ಮನದು. ಒಂದೇ ಕೋಣೆ, ಒಂದೇ ಕಾರು. ಕೋಣೆಯಲ್ಲಿ ಒಂದು ಮೇಜು, ಹೊಟ್ಟೆ ಸೀಳಿಟ್ಟ ಹಳೆಯ ಗೇರ್ ಪೆಟ್ಟಿಗೆ, ಗೋಡೆ ತುಂಬ ರಸ್ತೆಯ ಚಿಹ್ನೆಗಳ ಪಟ. ಡಿಗ್ರಿ ಮುಗಿಸಿ ಮನೆಯಲ್ಲಿ ಡೈರಿ ಬರೆದುಕೊಂಡು ಕೂತಿದ್ದ ನನ್ನನ್ನು, "ಈ ಮೌನಗೌರಿನ ನನ್ನ ಜೊತೆ ಕಳ್ಸು, ಫೋನ್ ಎತ್ತಿ ಎತ್ತಿಯಾದ್ರೂ ನಾಲಿಗೆ ಹೊರಳ್ಲಿ" ಎಂದು ಅಮ್ಮನಿಗೆ ಹೇಳಿ ಅವಳೇ ಕರೆದುಕೊಂಡು ಹೋದಳು. ಬೆಳಿಗ್ಗೆ ಫೋನು ಎತ್ತುವ ಕೆಲಸ, ಬೇರೆಯವರ ಪಾಠ ಮುಗಿದ ಮೇಲೆ ಕಾರು ಕಲಿಯುವ ಕೆಲಸ. ಎರಡರಲ್ಲೂ ನಾನು ಅಷ್ಟಕ್ಕಷ್ಟೇ.

ಲೈಸೆನ್ಸಿನ ಪರೀಕ್ಷೆ ನಡೆಸುವ ಅಧಿಕಾರಿ ಇಂಡಿಕೇಟರ್ ಹಾಕಿದರೆ ಸಾಲದು, ಕೈ ಹೊರಗೆ ಹಾಕಿ ಸಿಗ್ನಲ್ ತೋರಿಸಿ ಎನ್ನುತ್ತಾರೆ. ಹಾಗಾಗಿ ನಮ್ಮ ಸ್ಕೂಲಿನ ಕಾರಿನ ಕಿಟಕಿ ಗಾಜು ಯಾವಾಗಲೂ ಪೂರ್ತಿ ಕೆಳಗೆ. ತಿರುಗುವುದಕ್ಕೆ ಕೈ, ನಿಲ್ಲಿಸುವುದಕ್ಕೆ ಕೈ, ನಿಧಾನಿಸುವುದಕ್ಕೆ ಕೈ. ಚಿಕ್ಕಮ್ಮ ಇದನ್ನು ಎಷ್ಟು ಹೊಡೆದು ಕಲಿಸುತ್ತಾಳೆಂದರೆ, ಅವಳ ಶಿಷ್ಯೆಯೊಬ್ಬಳು ಮನೆಯ ಮೆಟ್ಟಿಲು ಇಳಿಯುವಾಗಲೂ ಕೈ ಚಾಚುತ್ತಾಳೆ ಎಂಬ ಜೋಕು ಸ್ಕೂಲಿನಲ್ಲಿ ಓಡಾಡುತ್ತಿತ್ತು.

ಆವತ್ತು ಸಿಗ್ನಲ್ಲಿನ ಏರಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆವು. ಹಿಂದಿನಿಂದ ಧಡ್ ಎಂದಿತು. ತಲೆ ಮುಂದೆ ಹೋಗಿ ಹಿಂದೆ ಬಂತು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕೈ ಹೊರಗೆ ಚಾಚಿ ಮೇಲೆ ಕೆಳಗೆ ಆಡಿಸಿದೆ. ನಿಧಾನಿಸಿ, ಎಂದು. ಆಗಲೇ ಬಂದು ಗುದ್ದಿದವನಿಗೆ! ಬೇರೆ ಯಾವ ಸ್ಕೂಲಿನಲ್ಲಿ ಕಲಿತಿದ್ದರೂ ಈ ಮೂರ್ಖತನ ನನಗೆ ಹೊಳೆಯುತ್ತಿರಲಿಲ್ಲ.

ಕಪ್ಪು ಜೀಪಿನಿಂದ ಇಳಿದು ಬಂದವನಿಗೆ ಆ ಕೈ ಕೈಗೆ ಸಿಕ್ಕಿತು. ಮಣಿಕಟ್ಟು ಹಿಡಿದ.

"ಹಿಂದೆ ಹಿಂದೆ ಬರ್ತೀಯಲ್ಲೇ, ಕಣ್ಣು ಕಾಣಲ್ವಾ?"

"ನಾವು ನಿಂತಿದ್ವಿ..."

"ಏನಂದೆ? ಬಾಯೊಳಗೇ ಗೊಣಗ್ಬೇಡ."

"ಸರ್, ಮೊದ್ಲು ಕೈ ಬಿಡಿ," ಚಿಕ್ಕಮ್ಮ ಇತ್ತಲಿಂದ ಬಗ್ಗಿದಳು. "ಹುಡುಗಿ ಕೈ ಅದು. ಏನಿದ್ರೂ ನನ್ಹತ್ರ ಮಾತಾಡಿ."

"ನೀನು ಸುಮ್ನಿರಮ್ಮ. ಸ್ಟಿಯರಿಂಗ್ ಹಿಡಿಯಕ್ಕೆ ಬರದೇ ಇರೋರನ್ನೆಲ್ಲ ತಂದು ರೋಡಿಗೆ ಬಿಡ್ತೀಯ. ಇವಳು ತಪ್ಪಾಯ್ತು ಅನ್ಲಿ, ಬಿಡ್ತೀನಿ."

ಅವನ ಬೆರಳುಗಳ ಮೇಲೆ ಕೂದಲಿತ್ತು. ಉಗುರುಗಳನ್ನು ಚೆನ್ನಾಗಿ ಕತ್ತರಿಸಿದ್ದ. ಶರ್ಟಿನ ತೋಳನ್ನು ಅಚ್ಚುಕಟ್ಟಾಗಿ ಮಡಚಿದ್ದ. ಅವನು ಕೈಯನ್ನು ಬಟ್ಟೆ ಹಿಂಡುವ ಹಾಗೆ ತಿರುಚಿದ. ನನ್ನ ಮೊಣಕೈ ಕಿಟಕಿಯ ಅಂಚಿಗೆ ಒತ್ತಿಕೊಂಡಿತು. ಚಿಕ್ಕಮ್ಮ ಮೆಲ್ಲಗೆ, ತುಟಿ ಆಡಿಸದೆ ಹೇಳಿದಳು: "ಅಂದ್ಬಿಡು ಕಣೇ. ಅಂದು ಕೈ ಒಳಗೆ ತಗೋ."

ಅಂದೆ.

"ಜೋರಾಗಿ ಅನ್ನು. ಆ ಕೀ ಅಂಗಡಿಯವನಿಗೂ ಕೇಳ್ಬೇಕು."

ಮೂಲೆಯಲ್ಲಿ ಬೀಗದ ಕೈ ಮಾಡುವವನ ಗೂಡಂಗಡಿಯಿತ್ತು. ಅವನು ಅರ ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದ. ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರು. ನಾನು ಕಿರುಚಿದೆ, "ತಪ್ಪಾಯ್ತು!" ಹುಟ್ಟಿದಾಗಿನಿಂದ ಬೀದಿಯಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ಕೈ ಬಿಟ್ಟ. ಬಿಟ್ಟ ಮೇಲೆ ಬಾಗಿಲಿಗೊಂದು ಒದೆ ಕೊಟ್ಟ.

ಆಮೇಲಿನದು ಚಿಕ್ಕಮ್ಮನ ಕೆಲಸ. "ಗಾಜು ಮೇಲೆ. ಲಾಕು. ಅವನ ಮುಖ ನೋಡ್ಬೇಡ, ರಸ್ತೆ ನೋಡು. ಗೇರ್ ಹಾಕು. ಮೆತ್ತಗೆ." ಅವಳೇ ತನ್ನ ಕ್ಲಚ್ಚು ಬ್ರೇಕಿನಲ್ಲಿ ಅರ್ಧ ಕಾರು ಓಡಿಸಿದಳು. ಜೀಪು ಹಿಂದೆ ಬರುತ್ತಲೇ ಇತ್ತು, ಹಾರ್ನಿನ ಮೇಲೆ ಕೈಯಿಟ್ಟುಕೊಂಡು.

"ಮನೆಗೆ ಹೋಗೋಣ ಚಿಕ್ಕಮ್ಮ."

"ಹುಚ್ಚಾ? ಮನೆ ತೋರಿಸ್ಕೊಡ್ತೀಯಾ? ಸ್ಕೂಲಿಗೂ ಬೇಡ. ಜನ ಇರೋ ಕಡೆ ತಗೋ."

ಬಸ್ ಡಿಪೋದ ಗೇಟಿನೊಳಗೆ ಹೋಗಿ, ಬಸ್ಸು ತೊಳೆಯುವವರ ನಡುವೆ ನಿಂತೆವು. ಅವನು ಗೇಟಿನ ಎದುರು ಸ್ವಲ್ಪ ಹೊತ್ತು ಎಂಜಿನ್ ಗುರ್ ಅನ್ನಿಸಿ, ಜೀಪು ತಿರುಗಿಸಿಕೊಂಡು ಹೋದ. ಚಿಕ್ಕಮ್ಮ ಉಸಿರುಬಿಟ್ಟು, "ಸದ್ಯ, ಕೈಕಾಲು ನೆಟ್ಟಗಿದಾವೆ. ಮಿಕ್ಕಿದ್ದು ಬಿಟ್ಹಾಕು" ಎಂದಳು. ಬಿಟ್ಟುಹಾಕಲು ಏನು ಉಳಿದಿದೆ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ. ರಾತ್ರಿ ಡೈರಿಯಲ್ಲಿ ಅಪಘಾತ, ಜೀಪು, ಡಿಪೋ ಎಲ್ಲವನ್ನೂ ಬರೆದೆ. ಬೀದಿಯಲ್ಲಿ ಕಿರುಚಿದ ಆ ಒಂದು ಮಾತನ್ನು ಮಾತ್ರ ಬರೆಯಲು ಕೈ ಬರಲಿಲ್ಲ.

ಮನೆ ಬಚ್ಚಿಟ್ಟೆವು, ಸರಿ. ಫೋನ್ ನಂಬರನ್ನು ಹೇಗೆ ಬಚ್ಚಿಡುವುದು? ಅದು ಕಾರಿನ ತಲೆಯ ಮೇಲೆ, ಎರಡು ಬಾಗಿಲ ಮೇಲೆ, ಹಿಂದಿನ ಗಾಜನ್ನು ಇಡಿಯಾಗಿ ಮುಚ್ಚಿದ್ದ ಬೋರ್ಡಿನ ಮೇಲೆ, ಮಾರುದ್ದ ಬರೆದಿತ್ತು. ಮಾರನೆಯ ದಿನವೇ ಫೋನು ಬಂತು. ಎತ್ತುವುದು ನನ್ನ ಕೆಲಸ ತಾನೆ.

"ಡ್ರೈವಿಂಗ್ ಸ್ಕೂಲಾ? ತಪ್ಪಾಯ್ತು ಮೇಡಂ ಇದಾರಾ?"

ನಾನು ಫೋನನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

"ಓ, ನೀವೇನಾ? ಕೈ ಹೇಗಿದೆ? ಹೊರಗೆಲ್ಲ ಚಾಚ್ಬೇಡಿ ಮೇಡಂ, ಉದುರಿ ಹೋದೀತು." ನಕ್ಕು ಇಟ್ಟ.

ದಿನವೂ ಮಾಡಿದ, ಒಂದೊಂದು ದಿನ ಒಂದೊಂದು ನಂಬರಿನಿಂದ. ಒಮ್ಮೊಮ್ಮೆ ಏನೂ ಮಾತಾಡದೆ ಹಾರ್ನ್ ಬಾರಿಸಿ ಇಟ್ಟುಬಿಡುತ್ತಿದ್ದ. ಚಿಕ್ಕಮ್ಮ ಪಾಠದ ದಾರಿಯನ್ನು ದಿನಕ್ಕೊಂದರಂತೆ ಬದಲಿಸಿದಳು. ಹೆಂಗಸರು ಹೊರಗೆ ನಿಂತು ಕಾಯದೆ ಒಳಗೇ ಕೂತಿರಬೇಕು ಎಂದಳು. ಒಬ್ಬಳೇ ಬರಬೇಡ, ಒಬ್ಬಳೇ ಹೋಗಬೇಡ. ಅವಳ ಲೆಕ್ಕದಲ್ಲಿ ಅವನು ಮಳೆಯಿದ್ದ ಹಾಗೆ, ಮರೆಯಲ್ಲಿ ನಿಂತರೆ ತಾನಾಗಿಯೇ ನಿಲ್ಲುತ್ತದೆ.

ನಾನು ಮರೆಯಲ್ಲಿ ನಿಂತಿದ್ದೆ, ನಿಜ. ಆದರೆ ಸುಮ್ಮನೆ ನಿಂತಿರಲಿಲ್ಲ. ಹಲ್ಲುಜ್ಜುವಾಗ ಮನಸ್ಸಿನಲ್ಲೇ ಅವನ ಜೀಪಿನ ಗಾಳಿ ಬಿಡುತ್ತಿದ್ದೆ, ಒಂದೊಂದೇ ಚಕ್ರ, ಅವನು ನೋಡುತ್ತಿರುವಾಗಲೇ. ಪಾತ್ರೆ ಒರೆಸುವಾಗ ಅವನ ಆ ಅಂದವಾದ ಬೆರಳುಗಳನ್ನು ಜೀಪಿನ ಬಾಗಿಲ ಸಂದಿಗೆ ಇಡುತ್ತಿದ್ದೆ. ಬಾಗಿಲು ಹಾಕುತ್ತಿದ್ದೆ. ತೆಗೆದು ಮತ್ತೆ ಹಾಕುತ್ತಿದ್ದೆ. "ಏನೇ, ತಟ್ಟೆಗೆ ತೂತು ಬೀಳತ್ತೆ" ಎಂದು ಅಮ್ಮ ಕೈಯಿಂದ ಕಸಿದುಕೊಂಡ ದಿನವೂ ಇತ್ತು. ಎಲ್ಲದರ ಕೊನೆಗೂ ಅವನು ಬೀದಿಯ ನಡುವೆ ನಿಂತು ನನಗೆ ತಪ್ಪಾಯ್ತು ಎನ್ನುತ್ತಿದ್ದ. ಅಲ್ಲಿಗೆ ಬಂದರೇ ನನಗೆ ಅನ್ನ ಇಳಿಯುತ್ತಿದ್ದುದು.

ಆಮೇಲೆ ಠಾಣೆಯಿಂದ ಕರೆ ಬಂತು. ನಾವು ದೂರು ಕೊಡೋಣವೇ ಬೇಡವೇ ಎಂದು ಮೀನಮೇಷ ಎಣಿಸುತ್ತಿರುವಾಗ ಅವನೇ ಕೊಟ್ಟಿದ್ದ. ಕಲಿಯುವ ಹುಡುಗಿ ಏರಿನಲ್ಲಿ ಕಾರನ್ನು ಹಿಂದಕ್ಕೆ ಜಾರಿಸಿ ಜೀಪಿಗೆ ಗುದ್ದಿಸಿದಳು, ಎಲ್ಲರೆದುರು ತಪ್ಪೊಪ್ಪಿಕೊಂಡಳು, ಆಮೇಲೆ ಓಡಿಹೋದಳು. ಇಂಥ ಸ್ಕೂಲು ನಡೆಸಲು ಅನುಮತಿ ಕೊಟ್ಟವರಾರು?

ಠಾಣೆಯ ಸಬ್ ಇನ್‌ಸ್ಪೆಕ್ಟರ್ ಹೆಂಗಸು. ಚಿಕ್ಕ ಆಳು, ಶೀತ ಹಿಡಿದು ಕರ್ಚೀಫಿನಲ್ಲಿ ಮೂಗೊತ್ತಿಕೊಳ್ಳುತ್ತಿದ್ದರು. ಅವರೆದುರಿನ ಕುರ್ಚಿಯಲ್ಲಿ ಅವನು ಮೊಣಕಾಲು ಜೋಡಿಸಿ ಕೂತಿದ್ದ. ಸೆಂಟಿನ ವಾಸನೆ. ನಮ್ಮನ್ನು ಕಂಡು ಎದ್ದು ಚಿಕ್ಕಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟ!

"ಬನ್ನಿ ಅಮ್ಮ, ಕೂತ್ಕೊಳ್ಳಿ. ಮೇಡಂ, ನನಗೇನೂ ದ್ವೇಷ ಇಲ್ಲ. ನಮ್ಮ ತಂಗಿ ವಯಸ್ಸು ಈ ಹುಡುಗಿಗೆ. ನಾಳೆ ಇವರು ಯಾರದೋ ಮಗು ಮೇಲೆ ಜಾರಿಸಿದ್ರೆ ಏನ್ಗತಿ ಅಂತ ಅಷ್ಟೇ."

"ಎಷ್ಟು ಚೆಂದ ಮಾತಾಡ್ತಾನೆ ನೋಡು," ಎಂದಳು ಚಿಕ್ಕಮ್ಮ ಯಾರಿಗೂ ಅಲ್ಲದ ಹಾಗೆ. "ಗುದ್ದಿದ್ದು ಅವರು ಮೇಡಂ. ಇವಳ ಕೈ ತಿರುಚಿದ್ದೂ ಅವರೇ. ಫೋನ್ ಮಾಡಿ ಕಾಡ್ತಿರೋದೂ ಅವರೇ."

"ಫೋನಾ? ನಾನಾ?" ಅವನು ನಿಜವಾಗಿಯೂ ನೊಂದವನಂತೆ ಕಂಡ.

ಕೀ ಅಂಗಡಿಯವನನ್ನು ಕರೆಸಿದ್ದರು. ಪಾಪ, ಅವನು ಕಂಡದ್ದನ್ನೇ ಹೇಳಿದ. "ಗುದ್ದಿದ್ದು ನಾನು ನೋಡಿಲ್ಲ, ಕೆಲಸದ ಮೇಲಿದ್ದೆ. ಸದ್ದು ಕೇಳಿ ತಲೆ ಎತ್ತಿದೆ. ಈ ಹುಡುಗಿ ತಪ್ಪಾಯ್ತು ಅಂದಿದ್ದು ಕಿವಿಯಾರೆ ಕೇಳಿದೀನಿ. ಜೋರಾಗೇ ಅಂದ್ರು."

ಮೇಡಂ ನನ್ನ ಕಡೆ ತಿರುಗಿದರು. "ಅಂದಿದ್ದು ನಿಜಾನಾ?"

"ನಿಜ."

"ಯಾಕೆ ಅಂದೆ?"

ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದು ಅಲ್ಲೇ ಗಟ್ಟಿಯಾಯಿತು. "ಕೈ..." ಎಂದೆ. ಅಷ್ಟೇ. ಜೀಪಿನವನು ನೆಲ ನೋಡುತ್ತಾ ಮೀಸೆಯೊಳಗೆ ನಕ್ಕ. ನನ್ನೊಬ್ಬಳಿಗೇ ಕಾಣುವಷ್ಟು.

ಜೀವ ಉಳಿಯಲೆಂದು ಆಡಿದ ಮಾತು ಈಗ ಚಿಕ್ಕಮ್ಮನ ಸ್ಕೂಲಿನ ಕತ್ತಿಗೇ ಬಂದಿತ್ತು. ಗಂಡ ಬಿಟ್ಟುಹೋದ ಮೇಲೆ ಒಬ್ಬಳೇ ಕಟ್ಟಿದ ಸ್ಕೂಲು ಅದು. ಅವಳು ಮೇಜಿನ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ನೋಡಿದೆ.

ಮೇಡಂ ಸೀನಿ, ಎದ್ದರು. "ಬಾಯಿ ಮಾತು ಬೇಡ. ಜಾಗಕ್ಕೇ ಹೋಗೋಣ. ಈ ಹುಡುಗಿ ಏರಲ್ಲಿ ಹೇಗೆ ನಿಲ್ಲಿಸ್ತಾಳೆ ನೋಡ್ತೀನಿ. ಜಾರಿದ್ರೆ ಜಾರಿತು ಅಂತ ಬರೆಯೋದೇ. ನೀವು ನಿಮ್ಮ ಗಾಡಿ ತಗೊಂಡು ಹಿಂದೆ ಬನ್ನಿ."

ಇಬ್ಬರು ಕಾನ್‌ಸ್ಟೇಬಲ್‌ಗಳು ಬೈಕಿನಲ್ಲಿ, ಏರಿನ ಆಚೆ ತಿರುವಿನಲ್ಲಿ ಕಾಯುತ್ತೇವೆ ಎಂದು ಮುಂದೆ ಹೋದರು. ಅವನು ಜೀಪಿಗೆ ಒರಗಿ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದ, "ಇನ್ನರ್ಧ ಗಂಟೇಲಿ ಅಲ್ಲಿರ್ತೀನಿ ಅಂದ್ನಲ್ಲ, ಇಲ್ಲೊಂದು ಶನಿ ವಕ್ರಿಸಿದೆ" ಎಂದು. ಬೆನ್ನು ನಮ್ಮ ಕಡೆಗಿತ್ತು. ಅಷ್ಟರಲ್ಲಿ ಮೇಡಂ ನಮ್ಮ ಕಾರಿನ ಆ ಬದಿಯ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಕೂತರು. ಅವನು ತಿರುಗಿದಾಗ ಅಂಗಳದಲ್ಲಿ ಪೊಲೀಸರು ಯಾರೂ ಇರಲಿಲ್ಲ. ಮೇಡಂ ಬೈಕಿನವರೊಂದಿಗೆ ಹೋದರೆಂದೇ ತಿಳಿದ, ಅವನ ಮುಖದಲ್ಲಿ ಅದು ಬರೆದಿತ್ತು. ನಮ್ಮ ಹಿಂದಿನ ಗಾಜಿನ ತುಂಬ ಬೋರ್ಡು. ಒಳಗೆ ಯಾರಿದ್ದಾರೆಂದು ಜೀಪಿನಿಂದ ಕಾಣುವಂತಿಲ್ಲ.

ಚಿಕ್ಕಮ್ಮ ಇದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಬಾಯಿ ಬಾರದವರಿಗೆ ಕಣ್ಣು ಜಾಸ್ತಿ ಇರುತ್ತದೆ.

"ಟೀಚರ್, ನಿಮ್ಮ ಕಾಲು ಮೇಲಿಟ್ಕೊಳ್ಳಿ," ಎಂದರು ಮೇಡಂ ಹಿಂದಿನಿಂದ. "ನಿಮ್ಮ ಬ್ರೇಕು ಮುಟ್ಟಂಗಿಲ್ಲ."

ಚಿಕ್ಕಮ್ಮ ಚಪ್ಪಲಿ ಬಿಟ್ಟು, ಕಾಲೆರಡನ್ನೂ ಸೀಟಿನ ಮೇಲೆ ಮಡಚಿಕೊಂಡಳು. ಹಾಗೆ ಕೂತ ಅವಳು ತುಂಬ ಚಿಕ್ಕವಳಾಗಿ ಕಂಡಳು. "ಗಾಜು ಏರಿಸ್ಕೊಂಡಿರು," ಎಂದಳು ಅಷ್ಟೇ. ಏರಿಸಿ, ಮೇಲೆ ಒಂದು ಬೆರಳಷ್ಟು ಸಂದಿ ಬಿಟ್ಟೆ. ಬಾಗಿಲುಗಳ ಲಾಕು ಒತ್ತಿದೆ.

ನಾನು ನಿಧಾನವಾಗಿ ಓಡಿಸಿದೆ. ತಪ್ಪು ಒಂದೂ ಇಲ್ಲ. ಹಳದಿ ದೀಪಕ್ಕೇ ನಿಂತೆ. ದಾಟುವವರಿಗೆಲ್ಲ ದಾರಿ ಬಿಟ್ಟೆ, ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದ ಮುದುಕರೊಬ್ಬರಿಗೂ ಕಾದೆ. ಜೀಪು ಪಕ್ಕದ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು. ಮೊದಲು ಒಂದು ಸಣ್ಣ ಹಾರ್ನು. ಆಮೇಲೆ ಉದ್ದನೆಯದು. ಆಮೇಲೆ ದೀಪ ಮಿಣುಕಿಸಿದ.

"ಇಷ್ಟು ಅರ್ಜೆಂಟಾ ಇವರಿಗೆ?" ಎಂದರು ಮೇಡಂ ಮೂಗೊರೆಸಿಕೊಳ್ಳುತ್ತ.

ಏರು ಬಂತು. ಕೆಂಪು. ನಿಂತೆ. ಮೇಡಂ ಗಾಜು ಇಳಿಸದೆ ಕೆಳಗೆ ಇಣುಕಿ, ರಸ್ತೆಯ ಬಿಳಿ ಗೆರೆಯನ್ನೇ ನೋಡುತ್ತಿದ್ದರು. ಕಾರು ಕೂದಲೆಳೆಯಷ್ಟೂ ಹಿಂದೆ ಹೋಗಲಿಲ್ಲ. ಹಸಿರಾದರೆ ಹಾಫ್ ಕ್ಲಚ್ಚಿನಲ್ಲಿ ಎತ್ತಿಕೊಂಡು ಮೇಲೆ ಹೋದರೆ ಆಯಿತು, ಕಾರು ನಿಲ್ಲಿಸಲು ಬರುತ್ತದೆ ಎಂದು ಸಾಬೀತಾಗುತ್ತದೆ. ಆವತ್ತು ಜಾರಲಿಲ್ಲವೆಂದು ಆಗುವುದಿಲ್ಲ. ಅವನು ಮತ್ತೆ ಕುರ್ಚಿ ಬಿಟ್ಟುಕೊಡುತ್ತಾನೆ, ಅಮ್ಮ ಕೂತ್ಕೊಳ್ಳಿ ಎನ್ನುತ್ತಾನೆ. ಸಂಜೆ ಫೋನು ಮಾಡುತ್ತಾನೆ.

ಹಸಿರು ಬಂತು. ನಾನು ಹ್ಯಾಂಡ್ ಬ್ರೇಕ್ ಎಳೆದು, ಕೀ ತಿರುಗಿಸಿದೆ. ಎಂಜಿನ್ ನಿಂತಿತು.

ಚಿಕ್ಕಮ್ಮ ನನ್ನ ಕೈ ನೋಡಿದಳು. ಮುಖ ನೋಡಿದಳು.

"ಯಾಕಮ್ಮ, ಆಫಾಯ್ತಾ?" ಮೇಡಂ ಕೇಳಿದರು.

"ಕಾಲು ನಡುಗ್ತಿದೆ ಮೇಡಂ. ಒಂದ್ನಿಮಿಷ." ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

ಹಿಂದೆ ಹಾರ್ನು ಕಿವಿ ಹರಿಯಿತು. ಹಸಿರು ಹೋಗಿ ಕೆಂಪು ಬಂತು. ನಾನು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತೆ. ಇಷ್ಟು ಹಾಯಾಗಿ ನಾನು ಕಾರಿನಲ್ಲಿ ಎಂದೂ ಕೂತಿರಲಿಲ್ಲ. ಕನ್ನಡಿಯಲ್ಲಿ ಅವನು ಸ್ಟಿಯರಿಂಗನ್ನು ಗುದ್ದುವುದು ಕಾಣುತ್ತಿತ್ತು. ಅದು ನನ್ನದೇ ಕೆಲಸ, ಒಂದು ಬೆರಳೂ ಎತ್ತದೆ ನಾನೇ ಅವನನ್ನು ಕಾಯಿಸುತ್ತಿದ್ದೇನೆ, ಹಾಲು ಕಾಯಿಸಿದ ಹಾಗೆ, ಇನ್ನೇನು ಉಕ್ಕಬೇಕು. ಮತ್ತೆ ಹಸಿರಾಯಿತು. ನಾನು ಅಲ್ಲಾಡಲಿಲ್ಲ.

"ಲೇ," ಚಿಕ್ಕಮ್ಮ ನನ್ನ ತೋಳು ಹಿಡಿದಳು. "ಬೇಡ ಕಣೇ. ಹೋಗ್ಬಿಡೋಣ."

ಜೀಪಿನ ಬಾಗಿಲು ತೆರೆಯಿತು.

ಅವನು ಬಂದ ರಭಸಕ್ಕೆ ನಮ್ಮ ಪಕ್ಕದ ಕನ್ನಡಿ ಮುರಿದು ವಯರಿನ ಮೇಲೆ ನೇತಾಡಿತು. ಅಂಗೈಯಿಂದ ಗಾಜು ಬಡಿದ. ಬಾಗಿಲ ಹಿಡಿ ಎಳೆದ, ಬರಲಿಲ್ಲ. ಬಗ್ಗಿ, ಆ ಬೆರಳಗಲದ ಸಂದಿಗೆ ಬಾಯಿ ತಂದ. ಈಗ ಸೆಂಟಿಲ್ಲ, ಬೆವರು.

"ಏಯ್ ತಪ್ಪಾಯ್ತು! ಬೇಕಂತ ಆಟ ಆಡ್ತೀಯಾ? ಅವತ್ತು ಹಿಂದಿನಿಂದ ಗುದ್ದಿದ್ದು ಸಾಲ್ಲಿಲ್ವಾ? ಇನ್ನೊಂದ್ಸಲ ಗುದ್ದಲಾ? ಈ ಸಲ ಕೈ ಅಲ್ಲ, ಕತ್ತು ತಿರುಚ್ತೀನಿ. ಪೊಲೀಸಮ್ಮನ ಹತ್ರ ಹೋಗಿ ಅಳು ಹೋಗು, ಆ ಸಿಂಬಳದವಳು ಏನು ಕಿಸಿತಾಳೋ ನೋಡೇಬಿಡ್ತೀನಿ!"

ನಾನು ತಲೆ ತಿರುಗಿಸಿ ಅವನ ಮುಖ ನೋಡಿದೆ. ನೋಡಬಾರದೆಂದು ಚಿಕ್ಕಮ್ಮ ಕಲಿಸಿದ್ದಳು. ಕಣ್ತುಂಬ ನೋಡಿದೆ.

ಹಿಂದಿನ ಬಾಗಿಲು ತೆರೆದುಕೊಂಡಿತು. ಮೇಡಂ ಇಳಿದರು. ಇಳಿದು, ಮೊದಲು ಮೂಗೊರೆಸಿಕೊಂಡರು.

"ಹೇಳಿ ಸರ್. ಏನೋ ಹೇಳ್ತಿದ್ರಲ್ಲ, ಪೂರ್ತಿ ಮಾಡಿ."

ಮನುಷ್ಯನ ಮುಖದಿಂದ ಬಣ್ಣ ಇಳಿಯುವುದನ್ನು ಕತೆಗಳಲ್ಲಿ ಓದಿದ್ದೆ. ಕಿವಿಗಳಿಂದ ಶುರುವಾಗುತ್ತದೆ ಎಂದು ಅವತ್ತು ಗೊತ್ತಾಯಿತು. ಬೈಕಿನವರು ತಿರುವಿನಿಂದ ಓಡಿಬಂದರು. ಬೀದಿ ನಿಂತುಬಿಟ್ಟಿತ್ತು. ಅವನು ಮೇಡಂಗೆ ಏನೇನೋ ಹೇಳಿದ: ಬಿಪಿ, ಬಿಸಿಲು, ಕೆಲಸದ ಒತ್ತಡ. ಅವರು ಅವನ ಜೀಪಿನ ಕೀ ಇಸಿದುಕೊಂಡರು, ಲೈಸೆನ್ಸ್ ಇಸಿದುಕೊಂಡರು. ಆಮೇಲೆ ಅವನು ನನ್ನ ಕಿಟಕಿಯ ಹತ್ತಿರ ಬಂದ. ತೋಳಿನ ಮಡಿಕೆ ಬಿಚ್ಚಿ ಕೈ ತುದಿಯವರೆಗೆ ಇಳಿದಿತ್ತು.

"ತಂಗಿ, ತಪ್ಪಾಯ್ತಮ್ಮ. ಕೋಪದಲ್ಲಿ ಏನೋ... ನನಗೂ ಹೆಂಡ್ತಿ ಮಕ್ಕಳಿದಾರೆ. ನೀನು ಒಂದು ಮಾತು ಹೇಳಿದ್ರೆ ಮೇಡಂ ಇಲ್ಲಿಗೇ ಬಿಟ್ಬಿಡ್ತಾರೆ."

ಮೇಡಂ ನನ್ನ ಮುಖ ನೋಡಿದರು. "ಹೌದಮ್ಮ, ಇಷ್ಟಕ್ಕೇ ಮುಗಿಸ್ತೀಯೋ, ಕೇಸ್ ಬರ್ಕೊಳ್ಳೋದೋ? ಬೈದು ಬಿಡು ಅಂದ್ರೆ ಬೈದು ಬಿಡ್ತೀನಿ."

"ಮುಗಿಸ್ಬಿಡು," ಚಿಕ್ಕಮ್ಮ ನನ್ನ ತೊಡೆ ಒತ್ತಿದಳು. "ಅವನಿಗೆ ನಮ್ಮ ನಂಬರ್ ಗೊತ್ತು."

ಎಷ್ಟು ದಿನ ಈ ಮಾತಿಗಾಗಿ ಒಳಗೊಳಗೇ ಬಾಗಿಲು ಹಾಕಿ ತೆಗೆದು ಮಾಡಿದ್ದೆ. ಅದು ಬಂದಿತ್ತು, ಬೀದಿಯ ನಡುವೆ, ಎಲ್ಲರ ಎದುರು. ಕೇಳಿಸಿಕೊಂಡರೆ ಅದರಲ್ಲಿ ಏನೂ ಇರಲಿಲ್ಲ. ಹಿಡಿದ ಕೈ ಬಿಡಿಸಿಕೊಳ್ಳಲು ಆಡುವ ಮಾತು ಅದು. ನಾನು ಆಡಿರಲಿಲ್ಲವೇ? ಅವನ ಕೈ ಈಗ ನನ್ನ ಹಿಡಿತದಲ್ಲಿತ್ತು. ಬಿಡಲು ನನಗೆ ಮನಸ್ಸಿರಲಿಲ್ಲ.

"ಬರ್ಕೊಳ್ಳಿ ಮೇಡಂ," ಎಂದೆ. "ಕೈ ತಿರುಚಿದ್ದು, ಫೋನು, ಕನ್ನಡಿ, ಎಲ್ಲಾ ಬರ್ಕೊಳ್ಳಿ. ಎಲ್ಲಿಗೆ ಬಂದು ಹೇಳ್ಬೇಕೋ ಅಲ್ಲಿಗೆ ಬಂದು ಹೇಳ್ತೀನಿ."

ದನಿ ಗಟ್ಟಿಯಾಗಿಯೇ ಬಂತು. ಮೇಡಂ ತಲೆಯಾಡಿಸಿದರು. ಕಾನ್‌ಸ್ಟೇಬಲ್ ಒಬ್ಬ ಅವನ ಭುಜದ ಮೇಲೆ ಕೈಯಿಟ್ಟು ಕರೆದುಕೊಂಡು ಹೋದ. ಆಟೋ ಒಂದನ್ನು ನಿಲ್ಲಿಸಿ ಹತ್ತಿಸಿದರು; ಜೀಪು ಒಯ್ಯಲು ಆಳು ಕಳಿಸುತ್ತೇನೆಂದು ಮೇಡಂ ತಾವೂ ಅದರಲ್ಲೇ ಹೊರಟರು. ಹತ್ತುವಾಗ ಅವನು ಒಂದು ಸಲ ತಿರುಗಿ ನನ್ನನ್ನು ನೋಡಿದ. ಆ ನೋಟದಲ್ಲಿ ತಪ್ಪಾಯ್ತು ಇರಲಿಲ್ಲ. ಅದನ್ನು ನಾನೂ ಕಂಡೆ, ಚಿಕ್ಕಮ್ಮನೂ ಕಂಡಳು.

ಆಟೋ ಕಣ್ಮರೆಯಾದ ಮೇಲೆ ಅವಳು ಕಾಲು ಕೆಳಗಿಟ್ಟು ಚಪ್ಪಲಿ ಹುಡುಕಿದಳು.

"ಕೀ ತಿರುಗಿಸಿದ್ದು ನಾನು ನೋಡಿದೆ."

ಕೀಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

"ಅವನ ಕೈಯಲ್ಲಿ ರಾಡು ಗೀಡು ಇದ್ದಿದ್ರೆ?"

"ಇರ್ಲಿಲ್ಲ ಚಿಕ್ಕಮ್ಮ."

"ಇದ್ದಿದ್ರೆ ಅಂದೆ. ಜೀಪಲ್ಲೇ ಇನ್ನೊಂದ್ಸಲ ಗುದ್ದಿದ್ರೆ? ಹಿಂದುಗಡೆ ಕೂತಿದ್ದ ಆ ಹೆಂಗಸಿನ ಸೊಂಟ ಮುರಿದಿದ್ರೆ? ನಾನು ಇಷ್ಟು ವರ್ಷ ಕಲಿಸಿದ್ದು ಇದಾ? ನಾಳೆ ಅವನು ಬೇಲು ಗೀಲು ಅಂತ ಹೊರಗೆ ಬರ್ತಾನೆ. ಆಗ?"

"ಬರ್ಲಿ."

"ಬರ್ಲಿ ಅಂತೆ!" ಅವಳ ಕಣ್ಣಲ್ಲಿ ನೀರಿತ್ತು. "ಸಮಾಧಾನ ಆಯ್ತಾ ಈಗಲಾದ್ರೂ?"

ಯೋಚಿಸಿದೆ. ಅವಳಿಗೆ ಸುಳ್ಳು ಹೇಳಬಾರದು ಅನಿಸಿತು. "ಇಲ್ಲ. ಇನ್ನೂ ಸಾಲದು ಅನ್ನಿಸ್ತಿದೆ."

ಚಿಕ್ಕಮ್ಮ ನನ್ನನ್ನು ಯಾರೋ ಹೊಸಬಳನ್ನು ನೋಡುವ ಹಾಗೆ ನೋಡಿದಳು. "ಇಳಿ," ಎಂದಳು. "ಇವತ್ತು ನೀನು ಓಡಿಸೋದು ಬೇಡ. ಈಚೆ ಬಾ."

ಇಳಿದೆ. ಅವಳು ಮುಂದಿನಿಂದ ಸುತ್ತಿ ನನ್ನ ಸೀಟಿಗೆ ಬಂದಳು. ನಾನೂ ಮುಂದಿನಿಂದಲೇ ಸುತ್ತಬಹುದಿತ್ತು, ಅದೇ ಹತ್ತಿರ. ಹಿಂದಿನಿಂದ ಹೋದೆ. ಕಪ್ಪು ಜೀಪು ಬಾಗಿಲು ತೆರೆದುಕೊಂಡು ಹಾಗೇ ನಿಂತಿತ್ತು. ಅದರ ಹಿಂದೆ ಬೀದಿಯುದ್ದ ವಾಹನಗಳು, ಹಾರ್ನುಗಳು, ಕತ್ತು ಹೊರಗೆ ಹಾಕಿ ಬಯ್ಯುವವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಜೀಪಿನ ಮೂತಿಯ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಅವಸರವೇ ಇಲ್ಲದವಳಂತೆ ನಮ್ಮ ಕಾರಿನ ಆ ಬದಿಗೆ ನಡೆದೆ.